ಪರ್ಮನೆಂಟ್ ರಂಗೋಲಿ

ಗಂಡಸಾದವನು ರಂಗೋಲಿ ಹಾಕಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಭಾನುಪ್ರಕಾಶ ಇದನ್ನು ಗೂಗಲಿನಲ್ಲಿ ಹುಡುಕಿ ಖಚಿತಪಡಿಸಿಕೊಂಡಿದ್ದ. ಬರೆದಿದ್ದರೆ ಚೆನ್ನಾಗಿತ್ತು, ಹೆಂಡತಿಗೆ ತೋರಿಸಬಹುದಿತ್ತು.

ದೊಡ್ಡಬಳ್ಳಾಪುರದ ಆ ಮನೆಯಲ್ಲಿ ರಂಗೋಲಿ ಖಾತೆ ಮೊದಲಿನಿಂದಲೂ ಅವನ ತಾಯಿ ಮುನಿಲಕ್ಷ್ಮಮ್ಮನವರದು. ಮಂಡಿನೋವು ಶುರುವಾಗಿ ಅವರು ಬಗ್ಗುವುದನ್ನು ನಿಲ್ಲಿಸಿದರು. ಹೆಂಡತಿ ಚಂದನಳನ್ನು ದೇವನಹಳ್ಳಿ ಕಡೆಯ ಕಂಪನಿಯ ಕ್ಯಾಬು ಕತ್ತಲಿರುವಾಗಲೇ ಬಂದು ಕರೆದೊಯ್ಯುತ್ತಿತ್ತು. ಸೋಂಪುರದ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು ಮಾಡುವ ಭಾನುಪ್ರಕಾಶನೊಬ್ಬನೇ ಬೆಳಗ್ಗೆ ಆ ಮನೆಯಲ್ಲಿ ಲಭ್ಯವಿದ್ದ, ಬಗ್ಗಬಲ್ಲ ಪ್ರಾಣಿ.

"ಅತ್ತೆ ಮಂಡಿ ವಾಸಿ ಆಗೋವರ್ಗೂ ಅಷ್ಟೇ ಕಣ್ರೀ. ಟೆಂಪರ್ವರಿ," ಎಂದಳು ಚಂದನ.

ಅವನು ಹಾಕಿದ. ಎದುರು ಮನೆಯ ಪಿಳ್ಳಮ್ಮ ಪೊರಕೆ ಹಿಡಿದು ನಿಂತು ನೋಡಿದರು. "ಏನಪ್ಪಾ ಭಾನು, ಇವತ್ತಿಂದು ಕಮಲಾನೋ, ಎಲೆಕೋಸೋ?" ಎಂದು ಕೇಳಿದರು. ಆ ಬೀದಿಯಲ್ಲಿ ಪಿಳ್ಳಮ್ಮ ಕೇಳಿದ್ದನ್ನು ಉಳಿದವರೂ ಕೇಳುವುದು ವಾಡಿಕೆ. ಹಾಲಿನವನೂ ಕೇಳಿದ. ಅಂದೇ ಭಾನುಪ್ರಕಾಶ ಈ ಅವಮಾನಕ್ಕೆ ಮಂಗಳ ಹಾಡಲು ಪಣ ತೊಟ್ಟ.

ಮೊಬೈಲಿನಲ್ಲಿ ವಿಡಿಯೋ ನೋಡುವಾಗ ಪರಿಹಾರ ಹೊಳೆಯಿತು. ಮನೆಯಲ್ಲೇ ಸ್ಟಿಕ್ಕರ್ ಕತ್ತರಿಸುವ ಮೆಷಿನ್ನು! ಚಿತ್ರ ಕೊಟ್ಟರೆ ಸಾಕು, ಪುಟ್ಟ ಬ್ಲೇಡು ಓಡಾಡಿ ವೈನಲ್ ಎಂಬ ಅಂಟಿನ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸುತ್ತದೆ. ಒಮ್ಮೆ ಅಂಟಿಸಿದರೆ ಮುಗಿಯಿತು. ಮುಂದಿನ ದಿನಗಳಲ್ಲಿ ಅವನು ಬ್ಲೇಡು, ಮ್ಯಾಟು, ಟ್ರಾನ್ಸ್‌ಫರ್ ಟೇಪುಗಳ ಬಗ್ಗೆ ಎಷ್ಟು ಅಧ್ಯಯನ ಮಾಡಿದನೆಂದರೆ, ಮದುವೆಗೆ ಮುಂಚೆ ಹುಡುಗಿಯ ಬಗ್ಗೆ ಕೂಡ ಅಷ್ಟು ವಿಚಾರಿಸಿರಲಿಲ್ಲ. (ಈ ಮಾತನ್ನು ಚಂದನಳೇ ಹೇಳಿದ್ದು.)

ಬೆಂಗಳೂರಿನ ಅಂಗಡಿಯವನು ಮೆಷಿನ್ನು ಕಟ್ಟಿಕೊಡುತ್ತಾ ಕೇಳಿದ. "ವೈನಲ್ ಯಾವ್ದು ಸಾರ್? ಕಿತ್ತು ತೆಗೆಯೋದಾ, ಪರ್ಮನೆಂಟಾ? ಮನೇಗಾದ್ರೆ ಕಿತ್ತು ತೆಗೆಯೋದೇ ಒಳ್ಳೇದು."

ಭಾನುಪ್ರಕಾಶ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಾಂಟ್ರಾಕ್ಟ್ ಮೇಲೆ ದುಡಿದವನು. ಹೋದ ವರ್ಷ ಪರ್ಮನೆಂಟ್ ಆದಾಗ ಇಡೀ ಬೀದಿಗೆ ಮೈಸೂರ್‌ಪಾಕ್ ಹಂಚಿದ್ದ. ಆ ಪದ ಕಿವಿಗೆ ಬಿದ್ದರೆ ಅವನ ಕೈ ತಾನೇ ಮುಗಿಯುತ್ತಿತ್ತು.

"ಪರ್ಮನೆಂಟೇ ಕೊಡಿ," ಎಂದ.

ಕತ್ತರಿಸಿದ ಮೇಲೆ ಬೇಡದ ಚೂರುಗಳನ್ನು ಸೂಜಿಯಿಂದ ಕೀಳಬೇಕಿತ್ತು. ಮಗ ಒಂದು ಭಾನುವಾರ ಪೂರ್ತಿ ಕುಕ್ಕರುಗಾಲಲ್ಲಿ ಕೂತು ಕಿತ್ತದ್ದನ್ನು ನೋಡಿ ಮುನಿಲಕ್ಷ್ಮಮ್ಮ, "ಇಷ್ಟೊತ್ಗೆ ಅರ್ಧ ಎಕರೆ ರಾಗಿ ಹೊಲದ ಕಳೆ ತೆಗೀಬೋದಿತ್ತು," ಎಂದರು. ಆದರೂ ಬಾಗಿಲ ಮುಂದಿನ ಕೆಂಪು ಗಾರೆ ನೆಲದ ಮೇಲೆ ಬಿಳಿಯ ಕಮಲ ಅರಳಿದಾಗ ಪಿಳ್ಳಮ್ಮನವರೇ ಬಂದು ಮುಟ್ಟಿ ನೋಡಿ ಹೋದರು. ಭಾನುಪ್ರಕಾಶ ಮಾರನೆಯ ದಿನದಿಂದ ಎಂಟು ಗಂಟೆಯವರೆಗೆ ನಿದ್ದೆ ಮಾಡಿದ.

ಈ ಸಾಮ್ರಾಜ್ಯ ಒಂದು ತಿಂಗಳು ನಡೆಯಿತು. ಆಮೇಲೆ ದೇವನಹಳ್ಳಿ ಪಕ್ಕದ ಚನ್ನರಾಯಪಟ್ಟಣದಲ್ಲಿ ಬೈರಪ್ಪ ತೀರಿಕೊಂಡರು.

ಬೈರಪ್ಪ ದಾಯಾದಿಗಳು, ವರಸೆಯಲ್ಲಿ ದೊಡ್ಡಪ್ಪ. ತುಂಬು ವಯಸ್ಸು, ಸುಖವಾದ ಸಾವು. ಆದರೆ ದಾಯಾದಿ ಸತ್ತರೆ ಸೂತಕ, ಸೂತಕದ ಮನೆ ಮುಂದೆ ರಂಗೋಲಿ ಇರಕೂಡದು. ಮಣ್ಣು ಮಾಡಿ ಬಂದ ಮೇಲೆ ಎಲ್ಲರ ಕಣ್ಣೂ ಏಕಕಾಲಕ್ಕೆ ಬಾಗಿಲ ಮುಂದಕ್ಕೆ ಹೋಯಿತು. ಅಲ್ಲಿ ಕಮಲ ನಗುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಬೈರಪ್ಪನ ತಮ್ಮ ಅಪ್ಪಯ್ಯಣ್ಣ ಮಾರನೆಯ ಬೆಳಗ್ಗೆ ತಿಥಿ ವಿಚಾರ ಮಾತಾಡಲು ಬರುತ್ತಾರಂತೆ. ಊಟಕ್ಕೆ ಕರೆದದ್ದು ತಡವಾಯಿತೆಂದು ಸ್ವಂತ ಬೀಗರ ಮನೆಯ ಬಾಗಿಲು ತುಳಿಯುವುದನ್ನೇ ಬಿಟ್ಟ ಮನುಷ್ಯ ಅವರು.

"ಗೋಣಿಚೀಲ ಹಾಸೋಣ," ಎಂದ ಭಾನುಪ್ರಕಾಶ.

"ಅವ್ನು ಹಾಸಿದ್ದನ್ನೆಲ್ಲ ಎತ್ತಿ ನೋಡೋ ಪೈಕಿ ಕಣೋ! 'ನಮ್ಮಣ್ಣ ಸತ್ರೆ ಇವರ ಮನೇಲಿ ಹಬ್ಬ' ಅಂತ ಊರೆಲ್ಲ ಡಂಗುರ ಹೊಡೀತಾನೆ. ಕಿತ್ತಾಕು," ಎಂದರು ತಾಯಿ.

ಪರ್ಮನೆಂಟ್ ಎಂದು ಬರೆದ ಕಂಪನಿ ಸುಳ್ಳು ಹೇಳಿರಲಿಲ್ಲ. ಉಗುರು ಸೋತಿತು, ಈಳಿಗೆಮಣೆ ಸೋತಿತು. ಬಿಸಿ ತಾಕಿದರೆ ಏಳುತ್ತದೆಂದು ಕೊನೆಗೆ ಮೊಬೈಲೇ ಹೇಳಿತು. ಬೆಳಗ್ಗೆ ಭಾನುಪ್ರಕಾಶ ಬೀದಿಯಲ್ಲಿ ಮಂಡಿಯೂರಿ, ಹೆಂಡತಿಯ ಹೇರ್ ಡ್ರೈಯರು ಹಿಡಿದು ಕೂತ.

"ಅದು ನನ್ನ ತವರಿನೋರು ಕೊಡ್ಸಿದ್ದು!" ಸಾವಿನ ರಜೆಯಲ್ಲಿದ್ದ ಚಂದನ ಒಳಗಿನಿಂದ ಕೂಗಿದಳು.

"ಏನಪ್ಪಾ," ಎಂದರು ಎದುರಿನಿಂದ ಪಿಳ್ಳಮ್ಮ, "ರಂಗೋಲಿಗೆ ತಲೆಸ್ನಾನ ಮಾಡ್ಸಿದ್ಯಾ?"

ಕಡೆಯ ಎಸಳು ಏಳುವುದಕ್ಕೂ ಅಪ್ಪಯ್ಯಣ್ಣನ ಸ್ಕೂಟರು ತಿರುವಿನಲ್ಲಿ ಕಾಣುವುದಕ್ಕೂ ಸರಿಹೋಯಿತು. ಅವರು ಬರಿ ನೆಲ ನೋಡಿ ತೃಪ್ತಿಯಿಂದ ತಲೆಯಾಡಿಸಿದರು. ಅಲ್ಲೇ ಬರಿಗಾಲಲ್ಲಿ ನಿಂತು ಅಣ್ಣನ ಗುಣಗಾನ ಮಾಡಿದರು. ಆಮೇಲೆ ಒಂದು ಕಾಲೆತ್ತಿ, "ಏನ್ಲಾ ಇದು, ನೆಲ ಕಾಲೇ ಬಿಡ್ತಾ ಇಲ್ವಲ್ಲೋ?" ಎಂದರು.

"ಹಳೇ ನೆಲ ಚಿಕ್ಕಪ್ಪ, ಹಂಗೇ," ಎಂದ ಭಾನುಪ್ರಕಾಶ. ಮರ್ಯಾದೆ ಉಳಿಯಿತು.

ಉಳಿದದ್ದು ಮರ್ಯಾದೆ ಮಾತ್ರವಲ್ಲ, ಅಂಟು ಕೂಡ. ಸೂತಕಕ್ಕೆ ಬಂದುಹೋದವರ ಪಾದಧೂಳಿಯೆಲ್ಲ ಅದರ ಮೇಲೆ ಕೂತು, ಹನ್ನೊಂದನೆಯ ದಿನದ ಹೊತ್ತಿಗೆ ಬಾಗಿಲ ಮುಂದೆ ಕಮಲ ಮತ್ತೆ ಅರಳಿತು. ಈ ಸಲ ಕಪ್ಪಗೆ. ಥಿನ್ನರ್ ಹಾಕಿ ಉಜ್ಜಿದರೆ ನೆಲದ ಕೆಂಪು ಬಿಟ್ಟಿತೇ ಹೊರತು ಅಂಟು ಬಿಡಲಿಲ್ಲ, ಕಪ್ಪು ಇನ್ನಷ್ಟು ಎದ್ದು ಕಂಡಿತು. ಯಾರೋ ಮಾಟ ಮಾಡಿಸಿದ್ದಾರೆಂದು ಪಿಳ್ಳಮ್ಮ ಆ ಕಡೆ ಹಾಯುವುದನ್ನೇ ಬಿಟ್ಟರು.

ಉಪಾಯ ಚಂದನ ಹೇಳಿದಳು. "ದಿನಾ ಬೆಳಗ್ಗೆ ಆ ಕಪ್ಪು ಗೆರೆ ಮೇಲೇ ಬಿಳೀ ಪುಡಿ ಎಳೆದ್ರೆ ಆಯ್ತು. ಮುಚ್ಚೋಗತ್ತೆ."

"ಒಂದಿನ ತಪ್ಪಿದ್ರೆ?"

"ತಪ್ಪಂಗಿಲ್ಲ."

ಭಾನುಪ್ರಕಾಶ ಆಸೆಯಿಂದ ತಾಯಿಯ ಕಡೆ ನೋಡಿದ. ಅವರು ಕುಕ್ಕರುಗಾಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಮಂಡಿ ವಾಸಿ ಆಗಿರೋ ಹಂಗೈತಲ್ಲಮ್ಮ?"

"ಪೂರ್ತಿ ವಾಸಿ ಕಣಪ್ಪ. ಆದ್ರೆ ಆ ಕರೀದನ್ನ ನಾನು ಮುಟ್ಟಕಿಲ್ಲ. ಅಂಟಿಸಿದೋನು ನೀನು, ನೀನೇ ತುಂಬ್ಕೋ."

ಮಾರನೆಯ ದಿನ ಕತ್ತಲಿರುವಾಗಲೇ ಅವನು ಪುಡಿಯ ಬಟ್ಟಲು ಹಿಡಿದು ಬಗ್ಗಿದ. ಕ್ಯಾಬು ಹತ್ತಿದ ಚಂದನ ಕಿಟಕಿಯ ಗಾಜು ಇಳಿಸಿದಳು.

"ರೀ, ಅಂತೂ ಪರ್ಮನೆಂಟ್ ಆದ್ರಲ್ಲ. ಸಾಯಂಕಾಲ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚ್ಬಿಡ್ಲಾ?"