ನಮ್ಮ ಬ್ರೆಜಿಲ್ ಕೋಚೂ ಪೂಜೆಗೆ ಕೂತ ಬೂಟುಗಳೂ

ಕೆಲವರ ಮನೆಗೆ ನೆಂಟರು ಹುಡುಕಿಕೊಂಡು ಬರುತ್ತಾರೆ, ನನ್ನನ್ನು ಪೇಚಾಟಗಳು ಹುಡುಕಿಕೊಂಡು ಬರುತ್ತವೆ. ಧಾರವಾಡದಲ್ಲಿದ್ದಾಗಲೂ ಹೀಗೇ, ಟೊರಾಂಟೊ ಪಕ್ಕದ ಜಾರ್ಜ್‌ಟೌನ್‌ಗೆ ಬಂದು ನೆಲೆಸಿದ ಮೇಲೂ ಹೀಗೇ. ಇಲ್ಲವಾದರೆ, ಫುಟ್‌ಬಾಲ್ ಎಂದರೆ ಚಾನೆಲ್ ಬದಲಿಸುತ್ತಿದ್ದ ನಾನು ಕನ್ನಡದವರ ಫುಟ್‌ಬಾಲ್ ಟೀಮಿಗೆ ಮ್ಯಾನೇಜರ್ ಆಗುವುದೆಂದರೇನು? ಆದದ್ದು ಇಷ್ಟೇ. ನಮ್ಮ ಮನೆಯವರು ಆ ಟೀಮಿನಲ್ಲಿ ಆಡುತ್ತಿದ್ದರು. ಚೆಂಡಿನ ಚೀಲ, ನೀರಿನ ಡ್ರಮ್ಮು, ಆರು ಜನ ಗಂಡಸರು, ಎಲ್ಲ ಹಿಡಿಸುವಂಥ ವ್ಯಾನು ನಮ್ಮ ಹತ್ತಿರ ಮಾತ್ರ ಇತ್ತು. ಅದನ್ನು ಓಡಿಸುತ್ತಿದ್ದವಳು ನಾನು. ಓಡಿಸುವವರೇ ಮ್ಯಾನೇಜರ್ ಎಂದು ಗಂಡಸರೆಲ್ಲ ಸೇರಿ ತೀರ್ಮಾನಿಸಿದರು, ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮ ಟೀಮು ಊರಿನ ಕ್ಲಬ್ಬಿನ ಹೆಸರಿನಲ್ಲಿ ಹವ್ಯಾಸಿಗಳ ಲೀಗಿನಲ್ಲಿ ಆಡುತ್ತದೆ. ಪಟ್ಟಿಯಲ್ಲಿ ನಮ್ಮನ್ನು ಹುಡುಕುವುದು ಸುಲಭ, ಕೆಳಗಿನಿಂದ ನೋಡಿದರೆ ಸಾಕು. ನಮ್ಮ ಆಟ ನೋಡಿ ಕನಿಕರ ಬಂದಿರಬೇಕು, ಒಂದು ವರ್ಷ ಕ್ಲಬ್ಬಿನವರು ನಮಗೊಬ್ಬ ಕೋಚನ್ನು ಕಳಿಸಿದರು. ಬ್ರೆಜಿಲ್‌ನವರು. ಅಲ್ಲಿ ನಿಜವಾಗಿಯೂ ಆಡಿ ಬಂದವರು.

ಬೇಸ್‌ಮೆಂಟಿನ ಇಂಟರ್‌ವ್ಯೂ

ಕ್ಲಬ್ಬೇ ಕಳಿಸಿದ ಮನುಷ್ಯನನ್ನು ಸುಮ್ಮನೆ ಒಪ್ಪಿಕೊಳ್ಳಬಹುದಿತ್ತು. ಆದರೆ ನಮ್ಮವರಲ್ಲಿ ಅರ್ಧ ಜನ ಆಫೀಸಿನಲ್ಲಿ ಇಂಟರ್‌ವ್ಯೂ ಮಾಡುವವರು, ಇನ್ನರ್ಧ ಜನ ಕೊಟ್ಟು ಕೊಟ್ಟು ಬೇಸತ್ತವರು. ಇಬ್ಬರಿಗೂ ಇದೊಂದು ಅವಕಾಶ. ನಮ್ಮ ಬೇಸ್‌ಮೆಂಟಿನಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸಿದರು.

ಕ್ಯಾಪ್ಟನ್ನು ಮೈಸೂರಿನವರು, ಸಾಫ್ಟ್‌ವೇರ್, ಹುಟ್ಟಾ ಕ್ರಿಕೆಟ್ಟಿಗ. "ನಿಮ್ಮ ಬಗ್ಗೆ ಹೇಳಿ" ಎಂದು ಶುರುಮಾಡಿದರು. ಕೋಚು ಹೇಳಿದರು: ಸಣ್ಣ ಊರಿನ ಕ್ಲಬ್ಬು, ಆಮೇಲೆ ಎರಡನೇ ಡಿವಿಜನ್ನು, ಆಮೇಲೆ ಮೊಣಕಾಲು ಕೈಕೊಟ್ಟಿತು. ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿತೆಂದು ಕೆನಡಾಕ್ಕೆ ಬಂದರು. ಈಗ ಹಗಲು ಜನರ ಬಾತ್‌ರೂಮಿಗೆ ಟೈಲ್ಸ್ ಹಾಕುತ್ತಾರೆ, ಸಂಜೆ ಕೋಚಿಂಗ್. ಕೊನೆಗೆ ಫೋನ್ ತೆಗೆದು, ತಾವು ಹೊಡೆದ ಒಂದು ಗೋಲು ತೋರಿಸಿದರು. ಮೈದಾನದ ಮಧ್ಯದಿಂದ ನಾಲ್ಕೈದು ಜನರನ್ನು ದಾಟಿಸಿಕೊಂಡು ಹೋಗಿ ಮೂಲೆಗೆ ಹೊಡೆದ ಗೋಲು.

ಹಿಂದಿನ ಸಾಲಿನಲ್ಲಿ ಹುಬ್ಬಳ್ಳಿಯ ಹಿರಿಯರೊಬ್ಬರು ಕೂತಿದ್ದರು. ಟ್ರಕ್ ಓಡಿಸುತ್ತಾರೆ. ನಮ್ಮ ಟೀಮಿನ ಮುಂಚೂಣಿ ಆಟಗಾರರೂ ಅವರೇ. ಅವರು ಕನ್ನಡಕ ಸರಿಮಾಡಿಕೊಂಡು ನನಗೆ ಹೇಳಿದರು, "ಬಾಯಾರ, ಎಡಕ್ಕ ಒಬ್ಬಾಂವ ಖಾಲಿ ನಿಂತಾನಲ್ಲ, ಅವಗ್ಯಾಕ ಕೊಡಲಿಲ್ಲ ಅಂತ ಕೇಳ್ರಿ."

ನಾನು ಹೆದರುತ್ತಲೇ ಕೇಳಿದೆ. ಕೋಚು ನಕ್ಕುಬಿಟ್ಟರು. "ಈ ಗೋಲು ನೋಡಿದವರೆಲ್ಲ ಭಲೇ ಅಂದಿದ್ದಾರೆ. ಈ ಪ್ರಶ್ನೆ ಕೇಳಿದವರು ಇಬ್ಬರೇ, ಇವರು ಮತ್ತು ನನ್ನ ಹಳೇ ಕೋಚು. ಆತ ಮುಂದಿನ ಮ್ಯಾಚಿಗೆ ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ಸರಿಯಾಗಿಯೇ ಮಾಡಿದ."

ಇದಾದ ಮೇಲೆ ಕ್ಯಾಪ್ಟನ್ನು ಗಂಟಲು ಸರಿಮಾಡಿಕೊಂಡರು. "ಲಾಸ್ಟ್ ಕ್ವೆಶ್ಚನ್. ವೆಜ್ಜಾ, ನಾನ್‌ವೆಜ್ಜಾ?"

ಕನ್ನಡ ಸಂಘದ ಪಿಕ್‌ನಿಕ್ಕಿಗೆ ಊಟ ಹೇಳಬೇಕಿತ್ತು. ಕೋಚು ನನ್ನ ಕಡೆ ಬಾಗಿ, "ಇದೂ ಫುಟ್‌ಬಾಲಿಗೆ ಸಂಬಂಧಿಸಿದ್ದಾ?" ಎಂದು ಪಿಸುಗುಟ್ಟಿದರು.

"ಇಷ್ಟು ಹೊತ್ತು ಕೇಳಿದ್ದರಲ್ಲಿ ನಮ್ಮವರಿಗೆ ಅರ್ಥವಾಗುವುದು ಇದೊಂದೇ" ಎಂದೆ.

ಕಾರಿನವರೆಗೂ ಅವರನ್ನು ಬಿಡಲು ಹೋದಾಗ ಇನ್ನೊಂದು ವಿಷಯ ಹೇಳಿದರು. ಕ್ಲಬ್ಬಿನ ಮಕ್ಕಳ ಟೀಮಿಗೆ ಪೂರ್ತಿ ಹೊತ್ತಿನ ಕೋಚು ಬೇಕಾಗಿದೆಯಂತೆ. ಆ ಕೆಲಸ ಸಿಕ್ಕರೆ ಟೈಲ್ಸ್ ಬಿಡಬಹುದು. ಕೆಟ್ಟ ಮೊಣಕಾಲಿನ ಮೇಲೆ ಕೂತು ಟೈಲ್ಸ್ ಹಾಕುವುದು ಸಾಕಾಗಿಹೋಗಿದೆ. ಕ್ಲಬ್ಬಿನ ಯಜಮಾನರು ಒಂದೇ ಮಾತು ಹೇಳಿದ್ದಾರೆ: ಈ ಸೀಜನ್ ಮುಗಿಯುವುದರೊಳಗೆ ಈ ಟೀಮಿನಿಂದ ಒಂದು ಗೆಲುವು ತೆಗೆಸು, ಕೆಲಸ ನಿನ್ನದು.

"ಒಂದೇ ಒಂದು ಗೆಲುವು ತಾನೆ?" ಎಂದು ನಗುತ್ತಾ ಕಾರು ಹತ್ತಿದರು. ಪಾಪ, ಅವರಿನ್ನೂ ನಮ್ಮ ಆಟ ನೋಡಿರಲಿಲ್ಲ.

ಮಾವನ ಕಾಲಿನ ಚೆಂಡು

ಪ್ರಾಕ್ಟೀಸ್ ಶುರುವಾಯಿತು. ಕೋಚು ಮೈದಾನಕ್ಕೆ ಇಳಿಯುವಾಗ ಗೆರೆಯ ಹತ್ತಿರ ಸಣ್ಣಗೆ ಒಮ್ಮೆ ಕುಪ್ಪಳಿಸಿ ಬಲಗಾಲೇ ಮೊದಲು ಬೀಳುವಂತೆ ನೋಡಿಕೊಳ್ಳುತ್ತಿದ್ದರು. ಎಡಗಾಲು ಬಿದ್ದರೆ ವಾಪಸ್ ಹೋಗಿ ಮತ್ತೆ ಬರುತ್ತಿದ್ದರು. ನಮ್ಮವರಿಗೆ ಇದು ಬಹಳ ಹಿಡಿಸಿತು, ಹೊಸ ಸೊಸೆ ಮನೆ ತುಂಬಿದಂತೆ ಎಲ್ಲರೂ ಬಲಗಾಲಿಟ್ಟು ಒಳಗೆ ಹೋಗತೊಡಗಿದರು. ಅವರು ಕಲಿಸಿದ್ದರಲ್ಲಿ ನಮ್ಮವರು ಕೂಡಲೇ ಕಲಿತದ್ದು ಇದೊಂದೇ. "ನೀವು ಓಡಬೇಡಿ, ಚೆಂಡು ಓಡಲಿ" ಎಂದು ಅವರು ಬಡಕೊಂಡದ್ದೇ ಬಂತು. ಚೆಂಡು ಎಲ್ಲಿದೆಯೋ ಅಲ್ಲಿಗೆ ಇಡೀ ಟೀಮು ಮದುವೆಯ ಎರಡನೇ ಪಂಕ್ತಿಗೆ ನುಗ್ಗಿದ ಹಾಗೆ ನುಗ್ಗುತ್ತಿತ್ತು.

ಒಂದು ದಿನ ಟೀಮನ್ನು ಎರಡು ಪಾಲು ಮಾಡಿ ಆಡಿಸಿದರು. ಹುಬ್ಬಳ್ಳಿಯ ಹಿರಿಯರು ಒಂದು ಕಡೆ. ಇನ್ನೊಂದು ಕಡೆ ಬೆಂಗಳೂರಿನ ಹುಡುಗ, ಚುರುಕು ಆಟಗಾರ. ಹಿರಿಯರು ಚೆಂಡು ತಂದರೆ ಈ ಹುಡುಗ ಬಾಗಿಲು ತೆರೆದಂತೆ ಪಕ್ಕಕ್ಕೆ ಸರಿಯುತ್ತಿದ್ದ. ಒಂದು ಸಲವಂತೂ ಕೈತೋರಿಸಿ "ಬನ್ನಿ, ಬನ್ನಿ" ಎಂದ.

ಕೋಚು ಸೀಟಿ ಊದಿ ನಿಲ್ಲಿಸಿದರು. "ಚೆಂಡು ಯಾಕೆ ಕಿತ್ತುಕೊಳ್ಳುತ್ತಿಲ್ಲ?"

"ಅವರು ನಮ್ಮ ಮಾವ ಕೋಚ್, ನನ್ನ ಹೆಂಡ್ತಿ ತಂದೆ. ಕಾಲಿಗೆ ಕಾಲು ಹೆಂಗೆ ಕೊಡೋದು?"

ಹಿರಿಯರು ಹೆಮ್ಮೆಯಿಂದ ನನ್ನತ್ತ ನೋಡಿದರು. "ನಮ್ಮ ಅಳಿಯಾರು ಭಾಳ ಸಂಭಾವಿತರ್ರಿ."

ಸರಿ, ಇಬ್ಬರನ್ನೂ ಒಂದೇ ಕಡೆ ಹಾಕಿದರು. ಈಗ ಅಳಿಯ ಚೆಂಡು ಸಿಕ್ಕಾಗಲೆಲ್ಲ ಮಾವನಿಗೇ ಕೊಡತೊಡಗಿದ. ಗೋಲು ಎದುರಿಗೇ ಖಾಲಿ ಇದ್ದರೂ ನಿಂತು, ಮಾವ ಬರುವವರೆಗೆ ಕಾದು, ಕೊಟ್ಟ. ಬಿಸಿಬಿಸಿ ಹೋಳಿಗೆ ಬಡಿಸುವವರು ಹಿರಿಯರ ಎಲೆ ಮೊದಲು ನೋಡುವುದಿಲ್ಲವೇ, ಹಾಗೆ. ಮಾವ ಬರುವ ಹೊತ್ತಿಗೆ ಎದುರಾಳಿಗಳೂ ಬಂದಿರುತ್ತಿದ್ದರು.

ಕೋಚು ಅಳಿಯನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಹಾಕಿದರು. "ನೋಡು, ನನಗೆ ಅರ್ಥವಾಗುತ್ತದೆ. ನನ್ನ ಮಾವ ನಮ್ಮೂರಿನ ಟೀಮಿನ ಗೋಲ್‌ಕೀಪರ್. ನಾನೂ ಬೇಕೆಂತಲೇ ಅವರ ಕೈಗೇ ಹೊಡೆಯುತ್ತಿದ್ದೆ. ಆದರೆ ಅದು ಮದುವೆಗೆ ಮುಂಚೆ. ಮದುವೆ ಆದ ಮೇಲೆ ಯಾಕೆ?"

ಗಿರಮಿಟ್ಟಿನ ಪ್ರಯೋಗ

ಹಾಫ್‌ಟೈಮಿನಲ್ಲಿ ಬೇರೆ ಟೀಮುಗಳು ಕಿತ್ತಳೆ ತೊಳೆ ತಿನ್ನುತ್ತವೆ. ನಮ್ಮಲ್ಲಿ ಪ್ರತಿ ವಾರ ಒಂದು ಮನೆಯ ಸರದಿ. ಒಂದು ಮನೆಯವರು ಚಿತ್ರಾನ್ನ ತಂದರೆ ಮುಂದಿನ ವಾರದವರು ಬಿಸಿಬೇಳೆ ಬಾತು, ಅದರ ಮುಂದಿನ ವಾರ ಕೇಸರಿ ಬಾತೂ ಸೇರಿತು. ಮೊದಲರ್ಧ ಹೇಗೋ ಓಡಾಡುತ್ತಿದ್ದವರು ಎರಡನೇ ಅರ್ಧದಲ್ಲಿ ಮಧ್ಯಾಹ್ನದ ಎಮ್ಮೆಗಳಾಗುತ್ತಿದ್ದರು.

ನಮ್ಮ ಮನೆಯ ಸರದಿ ಬಂದ ದಿನ ನಾನು ಗಿರಮಿಟ್ಟು, ಮಿರ್ಚಿ ಭಜಿ ಮಾಡಿದ್ದೆ. ಮಂಡಕ್ಕಿಗೆ ಉಳ್ಳಾಗಡ್ಡಿ ಹುಣಸೆಹುಳಿಯ ಗೊಜ್ಜು ಕಲಸಿದ ನಮ್ಮ ಕಡೆಯ ತಿಂಡಿ. ಕೋಚು ಅಡ್ಡ ನಿಂತರು. "ಇವತ್ತು ಯಾರೂ ಮುಟ್ಟುವ ಹಾಗಿಲ್ಲ." ಆಮೇಲೆ ಏನೋ ಹೊಳೆದವರಂತೆ ಡಬ್ಬಿ ಎತ್ತಿಕೊಂಡು ಹೋಗಿ ಎದುರಾಳಿಗಳ ಬೆಂಚಿನ ಮೇಲಿಟ್ಟು, "ನಮ್ಮ ಸಂಸ್ಕೃತಿ" ಎಂದು ಕೈಮುಗಿದು ಬಂದರು. ಸ್ಟೌಫ್‌ವಿಲ್ ಟೀಮು ಅದು. ಮಿರ್ಚಿ ತಿಂದು ಅವರ ಮುಖ ಕೆಂಪಾದದ್ದು ಇಲ್ಲಿಂದಲೇ ಕಾಣುತ್ತಿತ್ತು. "ಈಗ ನೋಡಿ" ಎಂದು ಕೋಚು ಕೈ ಉಜ್ಜಿಕೊಂಡರು.

ನೋಡಿದೆವು. ಬಾಲಕ್ಕೆ ಪಟಾಕಿ ಕಟ್ಟಿದಂತೆ ಓಡಿದರು. ಎರಡನೇ ಅರ್ಧದಲ್ಲಿ ನಮಗೆ ನಾಲ್ಕು ಗೋಲು ಹೊಡೆದರು.

ಮ್ಯಾಚು ಮುಗಿದ ಮೇಲೆ ಅವರ ಕ್ಯಾಪ್ಟನ್ನು ನನ್ನ ಹತ್ತಿರ ಬಂದು, ಇಂಥ ಎನರ್ಜಿ ಬೇರೆಲ್ಲೂ ಸಿಕ್ಕಿಲ್ಲ, ರೆಸಿಪಿ ಕೊಡಿ ಎಂದ. ಸುದ್ದಿ ಹಬ್ಬಿತು. ಆಮೇಲೆ ಬಂದ ಟೀಮುಗಳೆಲ್ಲ ಮೊದಲು ನನ್ನ ವ್ಯಾನಿನ ಡಿಕ್ಕಿ ನೋಡಿ ನಂತರ ಮೈದಾನ ನೋಡುತ್ತಿದ್ದವು. ಲೀಗಿನಲ್ಲಿ ಕೊನೆಯ ಸ್ಥಾನದಲ್ಲಿದ್ದರೂ ನಮ್ಮಷ್ಟು ಜನಪ್ರಿಯ ಟೀಮು ಇನ್ನೊಂದಿರಲಿಲ್ಲ.

ಪೂಜೆಗೆ ಕೂತ ಬೂಟು

ಹೀಗೆ ಸೋಲುತ್ತಾ ಸೋಲುತ್ತಾ ಅಕ್ಟೋಬರ್ ಬಂತು. ಉಳಿದದ್ದು ಒಂದೇ ಮ್ಯಾಚು. ಕೋಚು ನಗುವುದನ್ನು ಕಡಿಮೆ ಮಾಡಿದ್ದರು. ಟೈಲ್ಸ್ ಕೆಲಸದಿಂದ ನೇರವಾಗಿ ಬಂದು, ಕುಂಟುತ್ತಾ ಇಳಿದು, ಒಮ್ಮೆಯೂ ಬೈಯದೆ ಕಲಿಸುತ್ತಿದ್ದರು. ನಮ್ಮವರು ಸೋಲುವುದು ಹೊಸದಲ್ಲ, ಆದರೆ ಈ ಸಲ ನಮ್ಮ ಜೊತೆ ಇನ್ನೊಬ್ಬರ ಬದುಕೂ ಸೋಲುತ್ತಿತ್ತು.

ಕೊನೆಯ ಮ್ಯಾಚು ಥಾರ್ನ್‌ಕ್ಲಿಫ್ ಪಾರ್ಕಿನ ಟೀಮಿನ ಮೇಲೆ. ಅವತ್ತೇ ಆಯುಧಪೂಜೆ. "ಇನ್ನೇನ್ ಬೇಕ್ರೀ? ಬೆಳಿಗ್ಗೆ ಬೂಟಿಗೆ ಪೂಜೆ ಮಾಡಿಸಿಬಿಡೋಣ, ಮಧ್ಯಾಹ್ನ ಗೆದ್ದುಬಿಡೋಣ" ಎಂದರು ಕ್ಯಾಪ್ಟನ್ನು.

ನಮ್ಮ ಗ್ಯಾರೇಜಿನಲ್ಲಿ ಬೂಟುಗಳ ಸಾಲು, ಮುಂದೆ ಚೆಂಡುಗಳು, ಅವುಗಳ ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ. ಹುಬ್ಬಳ್ಳಿಯ ಮಾವನೇ ಪುರೋಹಿತರು. ಬೂದುಗುಂಬಳ ಸಿಗದೆ ಅಂಗಡಿಯವರು ಹ್ಯಾಲೊವೀನ್ ಹಬ್ಬಕ್ಕೆಂದು ರಾಶಿ ಹಾಕಿದ್ದ ಕೆಂಪು ಕುಂಬಳಕಾಯಿ ತಂದು ಡ್ರೈವ್‌ವೇಯಲ್ಲಿ ಒಡೆದಾಯಿತು. ಕೋಚು ತಮ್ಮ ಸೀಟಿಯನ್ನೂ ಭಕ್ತಿಯಿಂದ ಸಾಲಿನಲ್ಲಿಟ್ಟರು. ಅವರ ಗಾಡಿಯಲ್ಲಿ ಟೈಲ್ಸ್ ಕತ್ತರಿಸುವ ಮಷಿನ್ನು ಕಂಡು ನಾನು, "ಅದನ್ನೂ ಇಡಿ, ನಿಮ್ಮ ಅನ್ನ ಕೊಡುವ ಆಯುಧವಲ್ಲವೇ?" ಎಂದೆ.

"ಬೇಡ ಬೇಡ" ಎಂದು ಗಾಬರಿಯಾದರು. "ಅದು ಒಲಿದುಬಿಟ್ಟರೆ ನನ್ನನ್ನು ಬಿಡುವುದಿಲ್ಲ."

ಮಂಗಳಾರತಿ, ಪ್ರಸಾದ ಎಲ್ಲ ಆಯಿತು. ಹೊರಡುವ ಹೊತ್ತಾಯಿತೆಂದು ಅಳಿಯ ಬೂಟಿಗೆ ಕೈಹಾಕಿದ.

"ಏ, ಮುಟ್ಟಬ್ಯಾಡ್ರಿ!" ಮಾವ ಕೂಗಿದರು. "ಪೂಜಾಕ್ಕ ಇಟ್ಟದ್ದು ನಾಳಿ ತನಕಾ ತೆಗಿಯಂಗಿಲ್ಲ!"

ಎಲ್ಲರಿಗೂ ಗೊತ್ತಿದ್ದ ನಿಯಮ, ಒಬ್ಬರಿಗೂ ನೆನಪಾಗಿರಲಿಲ್ಲ. ಕ್ಯಾಪ್ಟನ್ನು ವಾದಕ್ಕಿಳಿದರು. "ಅಂಕಲ್, ಕಾರಿಗೆ ಪೂಜೆ ಮಾಡಿ ಅವತ್ತೇ ಓಡಿಸ್ತೀವಲ್ಲ?"

"ಕಾರು ಬ್ಯಾರೆ. ಗಾಲಿ ಬುಡಕ ನಿಂಬಿಹಣ್ಣು ಇಟ್ಟು ಓಡಸ್ತೀವಿ. ಬೂಟಿನ ಬುಡಕ ನಿಂಬಿಹಣ್ಣು ಇಟ್ಟೀರೇನು?"

ಯಾರೂ ಇಟ್ಟಿರಲಿಲ್ಲ. ಈಗ ಇಡೋಣವೇ ಎಂದರೆ ಆರತಿ ಆಗಿಹೋಗಿತ್ತು.

ನಾನು ಕೋಚಿಗೆ ವಿಷಯ ತಿಳಿಸಿದೆ. ಅವರು ಬೂಟಿನ ಸಾಲು ನೋಡಿದರು, ಕುಂಕುಮ ಹಚ್ಚಿಸಿಕೊಂಡು ಕೂತ ಸೀಟಿ ನೋಡಿದರು. "ಮುಟ್ಟಿದರೆ ಏನಾಗುತ್ತದೆ?"

"ಏನೂ ಆಗುವುದಿಲ್ಲ. ಆದರೆ ಮನಸ್ಸು ಒಪ್ಪುವುದಿಲ್ಲ."

ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವರು ಬಲಗಾಲಿನ ಮನುಷ್ಯ. "ಮನಸ್ಸು ಒಪ್ಪದಿದ್ದರೆ ಕಾಲೂ ಒಪ್ಪುವುದಿಲ್ಲ. ಇದ್ದುದರಲ್ಲೇ ಬನ್ನಿ" ಎಂದರು. ದನಿ ಮಾತ್ರ ಕುಸಿದಿತ್ತು.

ಇದ್ದುದರಲ್ಲೇ ಹೋದೆವು. ಕ್ಯಾಪ್ಟನ್ನು ಜಿಮ್ಮಿನ ಶೂ, ನಮ್ಮ ಮನೆಯವರು ಹುಲ್ಲು ಕತ್ತರಿಸುವಾಗ ಹಾಕುವ ಹಸಿರುಗಟ್ಟಿದ ಶೂ, ಅಳಿಯ ಪೂಜೆಗೆಂದು ಹಾಕಿಬಂದ ಆಫೀಸಿನ ಚರ್ಮದ ಶೂ. ರೆಫರಿ ಒಬ್ಬೊಬ್ಬರದೇ ಕಾಲೆತ್ತಿಸಿ ನೋಡಿ, "ಇದರಿಂದ ಎದುರಾಳಿಗಳಿಗೆ ಅಪಾಯವಿಲ್ಲ, ನಿಮಗಷ್ಟೇ" ಎಂದು ಆಡಲು ಬಿಟ್ಟ.

ಹುಲ್ಲು ಒದ್ದೆಯಾಗಿತ್ತು. ಶುರುವಿನಲ್ಲೇ ನಮ್ಮವರು ಅಭ್ಯಾಸಬಲದಿಂದ ಚೆಂಡಿನ ಕಡೆ ನುಗ್ಗಿದರು, ಸಾಲಾಗಿ ಬಿದ್ದರು. ಇನ್ನೊಮ್ಮೆ ಓಡಿದರು, ಇನ್ನೊಮ್ಮೆ ಬಿದ್ದರು. ಆಮೇಲೆ ಹೆದರಿ ಯಾರೂ ಓಡಲೇ ಇಲ್ಲ. ನಿಂತಲ್ಲೇ ನಿಂತು, ಚೆಂಡು ಬಂದರೆ ಹತ್ತಿರದವರಿಗೆ ತಳ್ಳಿದರು. ಅವರು ಇನ್ನೊಬ್ಬರಿಗೆ ತಳ್ಳಿದರು. ಕೋಚು ಬೇಸಿಗೆಯಿಡೀ ಬಡಕೊಂಡ ಪಾಠ ಅದೇ. ಬೂಟು ಬಿಟ್ಟು ಬಂದ ದಿನ ತಲೆಗೆ ಹತ್ತಿತು. ನನ್ನ ಪಕ್ಕದಲ್ಲಿ ಕೋಚು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು.

ಆಟ ಮುಗಿಯುತ್ತಾ ಬಂತು, ಯಾರದೂ ಗೋಲಿಲ್ಲ. ಆಗ ಚೆಂಡು ಅಳಿಯನ ಕಾಲಿಗೆ ಬಂತು. ಎದುರಿಗೆ ಗೋಲು. ನಡುವೆ ಮಾವ ಅವನಿಗೆ ಬೆನ್ನು ಹಾಕಿ, ಬಗ್ಗಿ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಅಳಿಯ ಮಾವ ಏಳಲೆಂದು ಕಾದು ನಿಂತ.

"ಹೊಡಿ!" ಕೋಚು ಕಿರುಚಿದರು. ಸೀಟಿ ಪೂಜೆಯಲ್ಲಿತ್ತು, ಗಂಟಲೊಂದೇ ಗತಿ. ಅದೂ ಕನ್ನಡದಲ್ಲಿ, ಮಾವನೇ ಕಲಿಸಿದ ಮಾತು.

ಅಳಿಯ ಕಣ್ಣುಮುಚ್ಚಿ ಹೊಡೆದ, ಹೊಡೆದವನೇ ಜಾರಿ ಅಂಗಾತ ಬಿದ್ದ. ಚೆಂಡು ಹೋಗಿ ಮಾವನ ಬೆನ್ನಿಗೆ ಧಪ್ಪೆಂದು ಬಡಿದು, ಗೋಲ್‌ಕೀಪರ್ ಆ ಕಡೆ ಹಾರಿದರೆ ತಾನು ಈ ಕಡೆ ತಿರುಗಿ, ನಿಧಾನವಾಗಿ ಉರುಳಿಕೊಂಡು ಒಳಗೆ ಹೋಯಿತು.

ಅಳಿಯ ಎದ್ದು ಓಡಿದ್ದು ಸಂಭ್ರಮಕ್ಕಲ್ಲ. ನೇರವಾಗಿ ಹೋಗಿ ಮಾವನ ಕಾಲಿಗೆ ಬಿದ್ದ. "ತಪ್ಪಾಯ್ತು ಮಾವ, ಬೇಕೂಂತ ಹೊಡೀಲಿಲ್ಲ." ಅವನು ಬಿದ್ದದ್ದು ನೋಡಿ ಕ್ಯಾಪ್ಟನ್ನೂ ಬಿದ್ದರು, ನಮ್ಮ ಮನೆಯವರೂ ಬಿದ್ದರು. ಗೋಲು ಹೊಡೆದಾಗ ನಾವು ಹೀಗೇ ಮಾಡುವುದೆಂದು ತಿಳಿದು ಥಾರ್ನ್‌ಕ್ಲಿಫ್‌ನವರು ಚಪ್ಪಾಳೆ ತಟ್ಟಿದರು.

ಮಾವ ಬೆನ್ನು ಸವರಿಕೊಳ್ಳುತ್ತಾ ಹೇಳಿದರು, "ಏಳ್ರಿ ಅಳಿಯಾರ. ಇನ್ನ ಮುಂದ ನನಗ ಪಾಸ್ ಕೊಡಬ್ಯಾಡ್ರಿ. ಹಿಂಗ ಬೆನ್ನಿಗೇ ಹೊಡೀರಿ."

ಕೊನೆಯ ಸೀಟಿ ಬಿದ್ದಾಗ ಕೋಚು ಹುಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ನನಗೂ ಅಳು ಬಂತು. ನೀರಿನ ಡ್ರಮ್ಮು ಎತ್ತಿಡುವ ನೆಪದಲ್ಲಿ ವ್ಯಾನಿನ ಹಿಂದೆ ಹೋದೆ.

ಮರುದಿನ ವಿಜಯದಶಮಿ. ಎಲ್ಲರೂ ಬೂಟು ತೆಗೆದುಕೊಳ್ಳಲು ಬಂದರು. ಬನ್ನಿ ಎಲೆ ಎಲ್ಲಿಂದ ತರುವುದು, ಹಿತ್ತಲಿನ ಮೇಪಲ್ ಎಲೆಗಳನ್ನೇ ಹಂಚಿಕೊಂಡು "ಬಂಗಾರದಂಗ ಇರೋಣ" ಎಂದೆವು. ಕೋಚು ಎಲೆ ಜೇಬಿಗಿಟ್ಟುಕೊಂಡು, ಸೀಟಿ ಎತ್ತಿಕೊಂಡರು. ಆಮೇಲೆ ಗಾಡಿಯಿಂದ ಟೈಲ್ಸ್ ಮಷಿನ್ನು ಹೊತ್ತು ತಂದು ಖಾಲಿಯಾದ ಜಾಗದಲ್ಲಿಟ್ಟು, ತಾವೇ ಕುಂಕುಮ ಹಚ್ಚಿದರು.

"ನಿನ್ನೆ ಬೇಡ ಅಂದಿರಿ?" ಎಂದೆ.

"ನಿನ್ನೆ ನಿಯಮ ಗೊತ್ತಿರಲಿಲ್ಲ. ಇಟ್ಟವರು ತೆಗೆಯುವವರೆಗೂ ಯಾರೂ ಮುಟ್ಟುವಂತಿಲ್ಲ, ಅಲ್ಲವೇ? ನಾನು ತೆಗೆಯಲು ಬರುವುದಿಲ್ಲ."

ಈಗ ಅವರು ಮಕ್ಕಳ ಕೋಚು. ಮಷಿನ್ನು ನಮ್ಮ ಗ್ಯಾರೇಜಿನಲ್ಲೇ ಇದೆ. ಮೊನ್ನೆ ನಮ್ಮ ಬಾತ್‌ರೂಮಿನ ಎರಡು ಟೈಲ್ಸ್ ಕಿತ್ತುಬಂದವು. ನಮ್ಮ ಮನೆಯವರು ಮೈದಾನಕ್ಕೇ ಹೋಗಿ, ಒಂದೇ ಒಂದು ದಿನ ಅದನ್ನು ತೆಗೆದರೆ ಏನಾಗುತ್ತದೆ ಎಂದು ಕೇಳಿದರು.

ಕೋಚು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರಂತೆ, "ಏನೂ ಆಗುವುದಿಲ್ಲ. ಆದರೆ ಮನಸ್ಸು ಒಪ್ಪುವುದಿಲ್ಲ."