ಇದು ಬೀರು ಅಲ್ಲ ಸಾರ್!

ಹೆಣ್ಣು ಕೊಡಲು ಬಂದಿದ್ದ ಯಜಮಾನರು ಮೇನ್‌ಫ್ರೇಮ್ ಎಂಬ ಆಳೆತ್ತರದ ಕಂಪ್ಯೂಟರಿನ ಬೆನ್ನಿಗೆ ಟಕಟಕ ಬಡಿದು, "ತಗಡು ಪರವಾಗಿಲ್ಲ. ಬೀಗ ಎಲ್ಲಪ್ಪಾ?" ಎಂದರಲ್ಲ, ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಅವರದು ಕಬ್ಬಿಣದ ಬೀರು ಮಾರುವ ಅಂಗಡಿ. ಹುಡುಗಿ ಫೋಟೋ ನೋಡಿ ಆಗಬಹುದು ಎಂದಿದ್ದಳು. ಅವಳ ಅಮ್ಮನೂ ಹೂಂಗುಟ್ಟಿದ್ದರು. "ಹುಡುಗ ಏನು ಮಾಡ್ತಾನೆ ಅಂತ ಕಣ್ಣಾರೆ ನೋಡಿ ಬರ್ತೀನಿ" ಎಂದು ಹೊರಟವರು ಇವರೊಬ್ಬರೇ. ಇವರು ತಲೆ ಆಡಿಸಿದರೆ ಮದುವೆ, ಇಲ್ಲವಾದರೆ ನಮ್ಮ ಆಪರೇಟರ್ ಮತ್ತೆ ಹೋಟೆಲ್ ಊಟಕ್ಕೆ.

"ಇದು ಬೀರು ಅಲ್ಲ ಸಾರ್," ಎಂದ ಆಪರೇಟರ್, ಆ ತಣ್ಣನೆಯ ಕೋಣೆಯಲ್ಲಿ ಮಫ್ಲರ್ ಬಿಗಿದುಕೊಳ್ಳುತ್ತ. "ನಮ್ಮ ವಿಮಾನ ಕಂಪನಿಯ ಎದೆಗುಂಡಿಗೆ. ಯಾರಿಗೆ ಯಾವ ಸೀಟು, ಯಾರ ಪೆಟ್ಟಿಗೆ ಯಾವ ಊರಿಗೆ, ಎಲ್ಲ ಈ ಕಂಪ್ಯೂಟರೇ ಹೇಳ್ಬೇಕು."

"ಬಿಡು ಮಾರಾಯ!" ಬಾಗಿಲಲ್ಲಿ ಪ್ರಚಾರ ವಿಭಾಗದ ಟೀಕಪ್ಪು ಪ್ರತ್ಯಕ್ಷನಾಗಿದ್ದ. ಕೈಯಿಂದ ಕಪ್ಪು ಇಳಿಸಿದ್ದನ್ನು ಯಾರೂ ಕಾಣದ್ದರಿಂದ ಆ ಹೆಸರು. "ಸಾರ್, ಇದು ಹಳೇ ಡಬ್ಬ. ಈಗ ಟಿಕೆಟ್ಟೆಲ್ಲ ಫೋನಲ್ಲೇ ಆಗುತ್ತೆ. ಇದು ಸುಮ್ನೆ ಮೂಲೇಲಿ ಗುಂಯ್ ಅಂತಿರುತ್ತೆ."

"ಆ ಫೋನು ಯಾರನ್ನ ಕೇಳುತ್ತೋ? ಇದನ್ನೇ ಕಣೋ!"

ದಿನವಿಡೀ ಚಹಾ ಹೀರುತ್ತ ಮಹಡಿ ಮಹಡಿ ಅಳೆಯುವ ಈ ಮಹಾಶಯನಿಗೆ ಸಂಬಳ ಯಾಕೆ ಎಂಬುದು ಕೊಡುವವರಿಗೂ ತಿಳಿಯದು. ಆದರೆ ಜನ ಕಿವಿ ಕೊಡುವುದು ಇಂಥವರಿಗೇ! ಯಜಮಾನರು ತಲೆದೂಗಿ, "ಅಂದ್ರೆ ನೀನು ಇದರ ಕಾವಲುಗಾರ," ಎಂದುಬಿಟ್ಟರು.

ಕಾವಲುಗಾರ! ಆಪರೇಟರನಿಗೆ ಆ ಚಳಿಯಲ್ಲೂ ರಕ್ತ ನೆತ್ತಿಗೇರಿತು. "ಒಂದೇ ಒಂದು ಗಳಿಗೆ ನಿಲ್ಲಿಸಿ ತೋರಿಸ್ತೀನಿ. ಆಮೇಲೆ ಹೇಳಿ." ಕೀಲಿಮಣೆ ಕುಟ್ಟಿ ನಿಲ್ಲಿಸಿಯೇಬಿಟ್ಟ.

ಮೊದಲು ಒಂದು ಫೋನು ಕಿರುಚಿತು. ಆಮೇಲೆ ಇಡೀ ಕಟ್ಟಡದ ಫೋನುಗಳು ತೊಟ್ಟಿಲ ಕೂಸುಗಳಂತೆ ಒಟ್ಟಿಗೇ ಅಳತೊಡಗಿದವು. ಕೆಳಗೆ ಕೌಂಟರುಗಳ ಪರದೆಗಳೆಲ್ಲ ಕಪ್ಪಾದವು. ಒಂದೇ ಸೀಟಿಗಾಗಿ ಮದುಮಗಳೂ ಪೈಲ್ವಾನನೂ ಜಗಳಕ್ಕೆ ಬಿದ್ದರು. ಪೈಲ್ವಾನ ಸೋತ. ಕಿಟಕಿಯಾಚೆ ವಿಮಾನಗಳು ಬೀಗ ಹಾಕಿದ ಮನೆಯೆದುರು ಬಂದಿಳಿದ ನೆಂಟರ ಹಾಗೆ ಸಾಲುಗಟ್ಟಿ ನಿಂತವು.

"ಅಯ್ಯೋ, ನಂಬಿದೆ ಕಣಪ್ಪಾ! ಚಾಲೂ ಮಾಡು!" ಎಂದರು ಯಜಮಾನರು.

ನಿಲ್ಲಿಸುವುದು ಸಲೀಸು. ಎಬ್ಬಿಸುವುದೋ, ಪರೀಕ್ಷೆಯ ದಿನ ಮಗುವನ್ನು ಎಬ್ಬಿಸಿದ ಹಾಗೆ. ಒಂದು ದೀಪ ಕಣ್ಣು ಬಿಟ್ಟಿತು. ಇನ್ನೊಂದು ಬಿಡಲೋ ಬೇಡವೋ ಎಂದು ಯೋಚಿಸಿತು. ಅಷ್ಟರಲ್ಲಿ ಟೈ ಹೆಗಲ ಮೇಲೆ ಹಾರಿಸಿಕೊಂಡು ಮ್ಯಾನೇಜರ್ ನುಗ್ಗಿದರು.

"ಯಾರೋ ನಿಲ್ಲಿಸಿದ್ದು?"

"ನಾನೇ ಸಾರ್."

"ಈಗಿಂದೀಗ್ಲೇ ತೊಲಗು! ಏಯ್, ಎಲ್ಲಿಗೆ ಹೊರಟೆ? ಮೊದ್ಲು ಇದನ್ನ ಎಬ್ಬಿಸು!"

"ಎಬ್ಬಿಸಿದ್ಮೇಲೆ ತೊಲಗಲಾ ಸಾರ್?"

"ತೊಲಗಿದ್ರೆ ಕಾಲು ಮುರೀತೀನಿ! ಮತ್ತೆ ಕೈ ಕೊಟ್ರೆ ಯಾರೋ ಗತಿ? ಇವತ್ತಿಂದ ನಿನಗೆ ರಜಾನೂ ಇಲ್ಲ, ಭಾನುವಾರಾನೂ ಇಲ್ಲ. ಬೆಳಗ್ಗೆ ಸಂಜೆ ಇಲ್ಲೇ ಬಿದ್ದಿರು!"

ಕೊನೆಗೂ ಪರದೆಗಳು ಬೆಳಗಿದವು. ಮೊದಲ ವಿಮಾನ ಮುನಿಸು ಬಿಟ್ಟು ಮೇಲಕ್ಕೆದ್ದಿತು. ಮ್ಯಾನೇಜರ್ ಬೆವರೊರೆಸಿಕೊಂಡು ಹೊರಟರು. ಯಜಮಾನರು ಆಪರೇಟರನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ತಪ್ಪು ತಿಳ್ಕೊಂಡಿದ್ದೆನಪ್ಪಾ. ನೀನಿಲ್ದೆ ಒಂದು ವಿಮಾನವೂ ಏಳಲ್ಲ. ಎಂಥಾ ಕೆಲಸ!"

"ಹಾಗಾದ್ರೆ... ಮದುವೆ ಮಾತು?" ಆಪರೇಟರನ ದನಿ ಕುಣಿಯಿತು.

"ಅದಕ್ಕೇ ಬೇಡ ಅನ್ನೋದು. ನಿನಗೆ ಕೊಟ್ರೆ ನನ್ನ ಮಗಳು ಗಂಡನ ಮುಖ ನೋಡೋಕೆ ಗೇಟಲ್ಲಿ ಪಾಸು ತಗೊಂಡು ಬರಬೇಕು."

ಇಷ್ಟೆಲ್ಲ ಗಲಾಟೆಯಲ್ಲೂ ಒಂದು ಹನಿ ಚೆಲ್ಲದೆ ಗೋಡೆಗೊರಗಿದ್ದ ಟೀಕಪ್ಪುವಿನ ಕಡೆ ಯಜಮಾನರು ತಿರುಗಿದರು. "ನೀವು ನಾಳೆ ಕೆಲಸಕ್ಕೆ ಬರದೇ ಇದ್ರೆ ಇಲ್ಲಿ ಏನು ನಿಲ್ಲುತ್ತೆ?"

ಅವನು ಒಂದು ಗುಟುಕು ಹೀರಿ, ಪ್ರಾಮಾಣಿಕವಾಗಿ ಯೋಚಿಸಿದ. "ಏನೂ ನಿಲ್ಲಲ್ಲ ಸಾರ್. ಹೋದ ತಿಂಗಳು ಪೂರ್ತಿ ಬಂದಿರ್ಲಿಲ್ಲ. ಯಾರೂ ಕೇಳ್ಲೇ ಇಲ್ಲ."

ಯಜಮಾನರ ಮುಖ ಅರಳಿತು.

"ಮದುವೆ ಆಗಿದೆಯೇನಪ್ಪಾ ನಿಂಗೆ?"