ಊಟದ ಟೇಬಲ್ ಮೇಲಿನ ರೈಲು

ರಿಟೈರ್ ಆದ ಗಂಡಸ್ರಿಗೆ ಏನಾದ್ರೂ ಹವ್ಯಾಸ ಇರ್ಬೇಕು ಅಂತ ಎಲ್ರೂ ಹೇಳ್ತಾರೆ. ಆ ಹವ್ಯಾಸನ ಯಾರ ಟೇಬಲ್ ಮೇಲೆ ಇಡ್ಬೇಕು ಅಂತ ಮಾತ್ರ ಯಾರೂ ಹೇಳಲ್ಲ ನೋಡಿ. ನಮ್ಮೆಜಮಾನ್ರು ಇಲ್ಲೇ ತುಮಕೂರಲ್ಲಿ ಫಿಟ್ಟರ್ ಆಗಿದ್ದೋರು. ಈಗ ಗೇಣುದ್ದದ ರೈಲ್ ಇಂಜಿನ್ ಮಾಡ್ತಾರೆ. ಅದರ ಹಳಿನ ನಮ್ಮ ಊಟದ ಟೇಬಲ್ ಅಂಚಿಗೆ ಸುತ್ತ ಹಾಸವ್ರೆ. ಯುಗಾದಿಯಿಂದ ನಾನು ಮಂಚದ ಮೇಲೆ ಕೂತು, ತಟ್ಟೆನ ತೊಡೆ ಮೇಲಿಟ್ಕೊಂಡು ಮುದ್ದೆ ನುಂಗ್ತಾ ಇದೀನಿ. ಸಾರು ಸೀರೆ ಮೇಲೆ ಚೆಲ್ಲುತ್ತೆ, ಸೊಂಟ ಹಿಡ್ಕೊಳ್ಳುತ್ತೆ. ಕೇಳಿದ್ರೆ, "ನನ್ನ ತಂಗಿ ಎದುರಿಗೆ ಒಂದ್ ಸುತ್ತು ನಿಲ್ದೆ ಓಡ್ಲಿ ಕಣೇ, ಅವತ್ತೇ ಟೇಬಲ್ ನಿಂದು" ಅಂತಾರೆ. ಅದು ಓಡಿದ್ರೆ ತಾನೆ.

ತೊಂದರೆ ಬೋಗೀದಂತೆ. ಬೋಗಿ ಅಂದ್ರೆ ನಾವು ಕೂರೋ ಡಬ್ಬಿ ಅಲ್ವಂತೆ, ಇಂಜಿನ್ ಹೊಟ್ಟೆ ಕೆಳಗೆ ಮುಂದೊಂದು ಹಿಂದೊಂದು ಇರೋ ನಾಲ್ಕು ನಾಲ್ಕು ಚಕ್ರದ ಗಾಡಿಯಂತೆ. ಹಳಿ ಒಂಚೂರು ಏರುಪೇರಾದ್ರೂ ಒಂದು ಚಕ್ರ ಕಾಲೆತ್ತುತ್ತೆ, ನೆಲ ಸರಿ ಇಲ್ಲದ ಕಡೆ ಕುರ್ಚಿ ಎತ್ತಲ್ವಾ, ಹಂಗೆ. ಚಕ್ರ ಹಳಿ ಮುಟ್ದಿದ್ರೆ ಕರೆಂಟಿಲ್ಲ, ಇಂಜಿನ್ ನಿಂತ್ಕೊಳ್ಳುತ್ತೆ. ಅದಕ್ಕೆ ಒಂದು ಜೊತೆ ಚಕ್ರದ ಅಚ್ಚು ಬಿಗಿಯಾಗಿಟ್ಟು, ಇನ್ನೊಂದು ಅಚ್ಚು ತಕ್ಕಡಿ ಥರ ಆಡೋ ಹಂಗೆ ಮಾಡ್ಬೇಕು. ಅವರು ಬೆಸುಗೆ ಹಾಕ್ತಾರೆ, ನಾನು ಚಿಮಟದಲ್ಲಿ ಅಚ್ಚು ಹಿಡ್ಕೊಂಡು ಉಸಿರು ಬಿಗಿಹಿಡೀತೀನಿ. "ಅಲ್ಲಾಡ್ಬೇಡ್ವೇ" ಅಂತಾರೆ. ಅಲ್ಲಾಡೋ ಬೋಗಿ ಮಾಡೋಕೆ ಅಲ್ಲಾಡ್ದಿರೋ ಹೆಂಡ್ತಿ ಬೇಕು.

ಮೊನ್ನೆ ಬೆಳಿಗ್ಗೆ ಬೋಗಿ ಮುಗೀತು. ಹೊಸ ಗಾಡಿ ಅಂದ್ಮೇಲೆ ಪೂಜೆ ಬೇಡ್ವಾ? ಚಕ್ರಕ್ಕಿಂತ ನಿಂಬೆಹಣ್ಣೇ ದಪ್ಪ, ಅದಕ್ಕೆ ಚಕ್ರಕ್ಕೊಂದು ನಿಂಬೆ ಬೀಜ ಇಟ್ವಿ. ಅರಿಶಿನ ಕುಂಕುಮ ಹಚ್ಚಿದ್ವಿ. ಹೆಬ್ಬೂರಿಂದ ನಾದಿನಿ ಬಂದು ಕೂತ್ಲು. ಸ್ವಿಚ್ ಹಾಕಿದ್ರು. ಇಂಜಿನ್ ಬೀಜ ಹತ್ತಿ ಇಳಿದು, ಒಂದ್ಸಲ ಗೊರ್ ಅಂದು ನಿಂತ್ಕೊಳ್ತು.

"ನಮ್ಮೂರ ಬಸ್ಸೇ ವಾಸಿ ಬುಡಣ್ಣ, ತಳ್ಳಿದ್ರಾದ್ರೂ ಹೋಗುತ್ತೆ" ಅಂದ್ಲು ನಾದಿನಿ.

ಇವರ ಮುಖ ಸಣ್ಣಗಾಯ್ತು. "ಬೋಗಿ ಪೂರ್ತಿ ಬಿಚ್ಬೇಕು" ಅಂತ ಸ್ಕ್ರೂಡ್ರೈವರ್ ತಗೊಂಡ್ರು. ಬಿಚ್ಚಿದ್ರೆ ದೀಪಾವಳಿಗೂ ನನಗೆ ಮಂಚವೇ ಗತಿ. ಇಂಜಿನ್ ಬೋರಲು ಹಾಕಿದ್ರು. ಎಂಟು ಚಕ್ರವೂ ಕೆಂಪಗೆ, ಹಸೆಮಣೆ ಮೇಲೆ ಕೂರೋ ಹುಡುಗಿ ಥರ. ಕುಂಕುಮದ ಮೇಲೆ ಕರೆಂಟ್ ಎಲ್ಲಿ ಹರಿಯುತ್ತೆ.

"ಹಚ್ಚಿದ್ದು ನೀನೇ" ಅಂದ್ರು.

"ಇನ್ನೊಂಚೂರು ಹಚ್ಚು ಅಂದಿದ್ದು ನೀವು" ಅಂದೆ.

ಸೆರಗಲ್ಲಿ ಒಂದೊಂದೇ ಚಕ್ರ ಒರೆಸ್ದೆ. ಓಡ್ತು. ಮೂಲೇಲೂ ನಿಲ್ಲಲಿಲ್ಲ, ಹಳಿ ಕೂಡಿದ ಕಡೆಯೂ ನಿಲ್ಲಲಿಲ್ಲ. ನಾದಿನಿ ಸುಮ್ನಿರ್ತಾಳಾ, ಇಂಜಿನ್ ಹಿಂದೆ ಇವರು ತಗಲಿಸಿದ್ದ ಗೂಡ್ಸ್ ಡಬ್ಬಿ ಮೇಲೆ ಪುಟ್ಟ ಬಟ್ಟಲಲ್ಲಿ ಉಪ್ಪಿನಕಾಯಿ ಇಟ್ಟು, "ಅಣ್ಣ, ಇದನ್ನ ಅತ್ತಿಗೆಗೆ ತಲುಪಿಸು ನೋಡಣ" ಅಂದ್ಲು. ರೈಲು ಟೇಬಲ್ ಸುತ್ತಿ ಬಂತು, ಇವರು ಸ್ವಿಚ್ ಆರಿಸಿ ನನ್ನ ಮುಂದೆ ನಿಲ್ಲಿಸಿದ್ರು. ಮದುವೆ ಆದಾಗಿನಿಂದ ಈ ಮನೇಲಿ ಉಪ್ಪಿನಕಾಯಿ ನಾನಿದ್ದಲ್ಲಿಗೆ ಬಂದಿದ್ದು ಇದೇ ಮೊದಲು.

ಇವರು ಮಾತಿಗೆ ತಪ್ಪೋರಲ್ಲ, ಹಳಿ ಕೀಳೋಕೆ ಕೈ ಹಾಕಿದ್ರು. ನನ್ನ ಬಾಯಿ ಸುಮ್ನಿರಬಾರ್ದಿತ್ತಾ. "ಕೀಳ್ಬೇಡಿ ರೀ, ತಟ್ಟೆ ಇಡೋಷ್ಟು ಒಳಕ್ಕೆ ಸರಿಸಿ ಸಾಕು" ಅಂದ್ಬಿಟ್ಟೆ.

ಈಗ ಅರ್ಧ ಟೇಬಲ್ ನಂದು, ಇನ್ನರ್ಧ ರೈಲ್ವೆಗೆ ನಾನೇ ಬರೆದುಕೊಟ್ಟಂಗಾಯ್ತು. ಎದ್ದು ಕೈ ಚಾಚಿದ್ರೆ ಸಿಗೋ ಉಪ್ಪೂ ಈಗ ರೈಲಲ್ಲೇ ಬರ್ಬೇಕು, ಗುಬ್ಬಿ ಸ್ಟೇಷನ್ನಲ್ಲಿ ಕೂತಂಗೆ ಕೂತು ಕಾಯ್ತಾ ಇರ್ತೀನಿ. ಅದು ಬರೋ ಹೊತ್ತಿಗೆ ಮುದ್ದೆ ಆರಿರುತ್ತೆ.